ರ‍್ಯಾಮ್ ಹಾಕಿಸುವ ಮುಂಚೆ: ನಮ್ಮ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ಕಂಪ್ಯೂಟರ್ ರಿಪೇರಿ ಕೌಂಟರಿನ ಹಿಂದೆ ಕೂತವರಿಗೆ ಬರುವ ಪ್ರಶ್ನೆಗಳಿವು. ಕೆಲವು ಎದುರಿಗೆ ನಿಂತು ಕೇಳಿದ್ದು. ಕೆಲವು ಸಿರುಗುಪ್ಪ, ಸಂಡೂರು, ಗಂಗಾವತಿ, ಸಿಂಧನೂರು ಕಡೆಯಿಂದ ಫೋನು, ವಾಟ್ಸಾಪಿನಲ್ಲಿ ಬಂದಿದ್ದು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲಿನವು ಸುಲಭ, ಕೊನೆಯವು ಸ್ವಲ್ಪ ಆಳ. ನಿಮಗೆ ಬೇಕಾದದ್ದಷ್ಟೇ ಓದಿಕೊಂಡರೂ ನಡೆಯುತ್ತದೆ.

## ಮೊದಲು ಇಷ್ಟು ಗೊತ್ತಿರಲಿ

ನನ್ನ ಲ್ಯಾಪ್‌ಟಾಪಿನಾಗ 512 ಜಿಬಿ ಮೆಮೊರಿ ಐತಿ. ಆದ್ರೂ ಮೆಮೊರಿ ಕಮ್ಮಿ ಅಂತಾರಲ್ಲ?

ನೀವು ಹೇಳುತ್ತಿರುವ 512 ಜಿಬಿ ಎಸ್‌ಎಸ್‌ಡಿಯದ್ದು. ಫೋಟೋ, ಫೈಲು, ವಿಂಡೋಸ್ ಎಲ್ಲಾ ಇರುವ ಜಾಗ ಅದು. ರಿಪೇರಿಯವರು ಕಮ್ಮಿ ಅಂದದ್ದು ರ‍್ಯಾಮ್. ಅದು 4, 8, 16 ಜಿಬಿ ಲೆಕ್ಕದಲ್ಲಿರುತ್ತದೆ.

ಗಂಗಾವತಿ ಕಡೆ ಭತ್ತದ ರಾಶಿ ಮಾಡುವ ಕಣ ನೋಡಿದ್ದೀರಲ್ಲ? ಗೋದಾಮಿನಲ್ಲಿ ಸಾವಿರ ಚೀಲ ಇರಬಹುದು, ಆದರೆ ಕೆಲಸ ನಡೆಯುವುದು ಕಣದಲ್ಲಿ. ಎಸ್‌ಎಸ್‌ಡಿ ಗೋದಾಮು, ರ‍್ಯಾಮ್ ಕಣ. ಕಣ ಸಣ್ಣದಾದರೆ ಆಳುಗಳು ಎಷ್ಟಿದ್ದರೂ ಹೊತ್ತುಹಾಕುವುದರಲ್ಲೇ ದಿನ ಹೋಗುತ್ತದೆ. ಹಾಗಂತ ಹತ್ತು ಚೀಲದ ರಾಶಿಗೆ ಎಕರೆಗಟ್ಟಲೆ ಕಣ ಮಾಡಿದರೆ ಕೆಲಸ ಬೇಗ ಮುಗಿಯುವುದಿಲ್ಲ. ಸಾಕಷ್ಟು ಇದೆಯೋ ಇಲ್ಲವೋ, ರ‍್ಯಾಮ್ ವಿಷಯದಲ್ಲಿ ನೋಡಬೇಕಾದ್ದು ಅಷ್ಟೇ. ಕೆಳಗಿನ ಉತ್ತರಗಳಲ್ಲಿ ಅರ್ಧಕ್ಕರ್ಧ ಈ ಮಾತಿನ ಮೇಲೇ ನಿಂತಿವೆ.

ನುಡಿಯಲ್ಲಿ ಅರ್ಜಿ ಟೈಪ್ ಮಾಡ್ತಿದ್ದೆ, ಕರೆಂಟ್ ಹೋತು, ಎಲ್ಲಾ ಹೋತು. ರ‍್ಯಾಮ್ ಜಾಸ್ತಿ ಇದ್ದಿದ್ರ ಉಳೀತಿತ್ತಾ?

ಇಲ್ಲ. ರ‍್ಯಾಮ್ 64 ಜಿಬಿ ಇದ್ದರೂ ಹೋಗುತ್ತಿತ್ತು. ರ‍್ಯಾಮಿನ ಒಂದೊಂದು ಬಿಟ್ ಅಂದರೆ ಒಂದು ಟ್ರಾನ್ಸಿಸ್ಟರ್, ಒಂದು ಪುಟಾಣಿ ಕೆಪಾಸಿಟರ್. ಐಬಿಎಂನಲ್ಲಿದ್ದ ರಾಬರ್ಟ್ ಡೆನಾರ್ಡ್ ಅವರಿಗೆ ಇದು ಹೊಳೆದದ್ದು 1966ರಲ್ಲಿ, ಪೇಟೆಂಟ್ ಸಿಕ್ಕಿದ್ದು 1968ರಲ್ಲಿ. ಇವತ್ತಿಗೂ ಮೂಲ ಅದೇ. ಆ ಕೆಪಾಸಿಟರಿನಲ್ಲಿ ಚಾರ್ಜ್ ನಿಲ್ಲುವುದಿಲ್ಲ, ಸೋರುತ್ತಾ ಇರುತ್ತದೆ. ಅದಕ್ಕೇ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಒಮ್ಮೆ ಇಡೀ ರ‍್ಯಾಮನ್ನು ಮತ್ತೆ ಓದಿ ಬರೆಯಬೇಕು. ಕರೆಂಟ್ ಹೋದರೆ ಈ ಕೆಲಸ ನಿಂತಿತು, ಬರೆದದ್ದೂ ಹೋಯಿತು.

ಕಂಟ್ರೋಲ್-ಎಸ್ ಒತ್ತುವ ಚಟ ಮಾಡಿಕೊಳ್ಳಿ. ಡೆಸ್ಕ್‌ಟಾಪ್ ಆದರೆ ಒಂದು ಯುಪಿಎಸ್ ಇಟ್ಟುಕೊಳ್ಳಿ. ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ. ಸ್ಲೀಪ್ ಮಾಡಿದರೆ ನಿಮ್ಮ ಕೆಲಸ ರ‍್ಯಾಮಿನಲ್ಲೇ ಇರುತ್ತದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪನ್ನು ಸ್ಲೀಪಿಗೆ ಹಾಕಿ ಊಟಕ್ಕೆ ಹೋದಾಗ ಕರೆಂಟ್ ಹೋದರೆ ಅಷ್ಟೇ ಕಥೆ. ಹೈಬರ್ನೇಟ್ ಮಾಡಿದರೆ ಡಿಸ್ಕಿಗೆ ಬರೆದು ಮಲಗುತ್ತದೆ. ವಿಂಡೋಸಿನಲ್ಲಿ ಈ ಆಯ್ಕೆ ಬಚ್ಚಿಟ್ಟ ಹಾಗಿರುತ್ತದೆ, ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ಆನ್ ಮಾಡಿಕೊಳ್ಳಬೇಕು.

ಕ್ಯಾಶ್, ರ‍್ಯಾಮ್, ರಾಮ್ ಅಂತ ಏನೇನೋ ಹೇಳ್ತಾರೆ. ಒಟ್ಟು ಎಷ್ಟು ಥರ ಮೆಮೊರಿ ಸರ್?

ಪ್ರೊಸೆಸರಿಗೆ ಎಷ್ಟು ಹತ್ತಿರ ಅನ್ನುವುದರ ಮೇಲೆ ಸಾಲಾಗಿ ನಿಲ್ಲಿಸಿ. ತೀರಾ ಹತ್ತಿರ ಕ್ಯಾಶ್. ಅದು ಪ್ರೊಸೆಸರ್ ಚಿಪ್ಪಿನೊಳಗೇ ಇರುತ್ತದೆ, ಬಹಳ ವೇಗ, ಆದರೆ ಕೆಲವೇ ಎಂಬಿ. ಪ್ರೊಸೆಸರ್ ಬದಲಿಸದೆ ಅದನ್ನು ಹೆಚ್ಚಿಸಲು ಆಗದು. ಆಮೇಲೆ ರ‍್ಯಾಮ್. ಡಿಡಿಆರ್4-3200ರ (ಡಿಡಿಆರ್4 ಅದರ ತಲೆಮಾರು, 3200 ವೇಗ) ಒಂದು ಸ್ಟಿಕ್ ಸೆಕೆಂಡಿಗೆ 25.6 ಜಿಬಿ ತನಕ ಸಾಗಿಸಬಲ್ಲದು. ಆಮೇಲೆ ಎಸ್‌ಎಸ್‌ಡಿ: ಸಾಟಾ ಆದರೆ ಸೆಕೆಂಡಿಗೆ ಸುಮಾರು 500 ಎಂಬಿ, ಎನ್‌ವಿಎಂಇ ಆದರೆ ಕೆಲವು ಜಿಬಿ. ಕೊನೆಗೆ ತಿರುಗುವ ಹಾರ್ಡ್ ಡಿಸ್ಕ್, 100-150 ಎಂಬಿ ಆಸುಪಾಸು. ಅದೂ ಫೈಲು ಒಂದೇ ಕಡೆ ಇದ್ದರೆ ಮಾತ್ರ.

ರಾಮ್ ಅಂದರೆ ಓದಲು ಮಾತ್ರ ಇರುವ ಮೆಮೊರಿ. ಫೋನ್ ಜಾಹೀರಾತುಗಳಲ್ಲಿ '8 ಜಿಬಿ ರ‍್ಯಾಮ್, 128 ಜಿಬಿ ರಾಮ್' ಅಂತ ಬರುತ್ತದಲ್ಲ, ಆ 128 ನಿಜಕ್ಕೂ ಫ್ಲಾಶ್ ಸ್ಟೋರೇಜ್. ಬರೆಯಲೂ ಬರುತ್ತದೆ, ಅಳಿಸಲೂ ಬರುತ್ತದೆ.

## ಬೇಕಾ, ಬೇಡವಾ

ಅಣ್ಣಾ, ಕಂಪ್ಯೂಟರ್ ಭಾಳ ಸ್ಲೋ ಐತಿ. ರ‍್ಯಾಮ್ ಹಾಕಿದ್ರ ಸರಿ ಆಗತೈತೇನು?

ಅತಿ ಹೆಚ್ಚು ಜನ ಕೇಳುವುದು ಇದನ್ನೇ. ನೋಡದೆ ಹೌದು ಅನ್ನುವವರನ್ನು ನಂಬಬೇಡಿ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್ ಟ್ಯಾಬಿಗೆ ಹೋಗಿ. ಈಗ ಮುಖ್ಯ ಮಾತು: ಸುಮ್ನೆ ಖಾಲಿ ಕೂತ ಕಂಪ್ಯೂಟರನ್ನು ನೋಡಬೇಡಿ. ದಿನಾ ಮಾಡುವ ಕೆಲಸವನ್ನೆಲ್ಲ ತೆರೆದಿಟ್ಟು, ಅದು ಒದ್ದಾಡುವ ಹೊತ್ತಿಗೆ ನೋಡಿ.

ಮೆಮೊರಿ 85-90 ಪರ್ಸೆಂಟ್ ದಾಟಿ ಅಲ್ಲೇ ನಿಂತಿದ್ದರೆ ರ‍್ಯಾಮ್ ಬೇಕು. ಮೆಮೊರಿ 50-60ರಲ್ಲೇ ಇದ್ದು ಡಿಸ್ಕ್ 100 ತೋರಿಸುತ್ತಿದ್ದರೆ, ಅದರಲ್ಲೂ ಆ ಡಿಸ್ಕ್ ಹಳೇ ಹಾರ್ಡ್ ಡಿಸ್ಕ್ ಆಗಿದ್ದರೆ, ರ‍್ಯಾಮಿಗೆ ಕೊಡುವ ದುಡ್ಡನ್ನು ಎಸ್‌ಎಸ್‌ಡಿಗೆ ಕೊಡಿ. ಎರಡೂ ಕಮ್ಮಿ, ಸಿಪಿಯು ಮಾತ್ರ 100 ಅಂದರೆ ಯಾವ ರ‍್ಯಾಮೂ ಉಳಿಸದು.

ಎರಡೂ ಒಟ್ಟಿಗೆ ತುಂಬಿದ್ದರೆ? ಇದು ಸೈಬರ್ ಸೆಂಟರ್‌ಗಳಿಂದ ಬರುವ ಕಂಪ್ಯೂಟರುಗಳಲ್ಲಿ ದಿನಾ ಕಾಣುತ್ತದೆ. ಒಂದು ಟ್ಯಾಬಿನಲ್ಲಿ ಪಹಣಿ, ಒಂದರಲ್ಲಿ ಸೇವಾ ಸಿಂಧು, ಇನ್ನೊಂದರಲ್ಲಿ ಸ್ಕಾಲರ್‌ಶಿಪ್ ಅರ್ಜಿ, ವಾಟ್ಸಾಪ್ ವೆಬ್, ನಾಲ್ಕಾರು ಪಿಡಿಎಫ್, ಹಿಂದೆ ಸ್ಕ್ಯಾನರ್ ಸಾಫ್ಟ್‌ವೇರ್. ರ‍್ಯಾಮ್ ಇರುವುದು 4 ಜಿಬಿ. ಜಾಗ ಸಾಲದೆ ವಿಂಡೋಸ್ ರ‍್ಯಾಮಿನಲ್ಲಿದ್ದುದನ್ನು ಡಿಸ್ಕಿಗೆ ಒಯ್ದು ಇಡುತ್ತದೆ, ಬೇಕಾದಾಗ ಮತ್ತೆ ತರುತ್ತದೆ. ಟ್ಯಾಬ್ ಬದಲಿಸಿದರೆ ಪರದೆ ಬಿಳುಚಿಕೊಂಡು ನಿಲ್ಲುತ್ತದೆ, ಸಿಪಿಯು ಡಬ್ಬಿಯ ಕೆಂಪು ದೀಪ ಆರುವುದೇ ಇಲ್ಲ, ಹಾರ್ಡ್ ಡಿಸ್ಕ್ ಕರಕರ ಅನ್ನುತ್ತದೆ. ಇಂಥಲ್ಲಿ ಎರಡನ್ನೂ ಬದಲಿಸುವುದೇ ಸರಿ. ಒಂದಕ್ಕೇ ದುಡ್ಡಿದ್ದರೆ ನನ್ನ ಮತ ಮೊದಲು ಎಸ್‌ಎಸ್‌ಡಿ. ರ‍್ಯಾಮ್ ತುಂಬಿದರೂ ಆಗ ಒದ್ದಾಟ ಅಷ್ಟು ಕಾಡುವುದಿಲ್ಲ.

ಟ್ಯಾಲಿ, ಎಕ್ಸೆಲ್, ಸ್ವಲ್ಪ ಯೂಟ್ಯೂಬ್. 8 ಸಾಕಾ, 16 ಬೇಕಾ?

ಅಕ್ಕಿ ಗಿರಣಿ, ಹತ್ತಿ ಅಡತಿ ಅಂಗಡಿಯ ಲೆಕ್ಕಕ್ಕೆ 8 ಸಾಕು. ಟ್ಯಾಲಿ ಹಗುರ. ರ‍್ಯಾಮ್ ತಿನ್ನುವುದು ಬ್ರೌಸರ್, ಮತ್ತೆ ವಿಂಡೋಸ್ ತಾನೇ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಅಂತ ಮೈಕ್ರೋಸಾಫ್ಟ್ ಹೇಳುತ್ತದೆ. ಅಷ್ಟರಲ್ಲಿ ಅದು ಎದ್ದು ಕೂರುತ್ತದೆ, ನಡೆಯುವುದಿಲ್ಲ.

ಮದುವೆ ಕಾರ್ಡು, ಬ್ಯಾನರ್ ಮಾಡುವ ಡಿಟಿಪಿಯವರು, ಕೋರೆಲ್ ಮತ್ತು ಫೋಟೋಶಾಪ್ ಒಟ್ಟಿಗೆ ತೆರೆಯುವವರು 16ಕ್ಕೆ ಹೋಗಿ. ಫೋಟೋಶಾಪಿಗೆ ಅಡೋಬಿಯೇ 16 ಜಿಬಿ ಶಿಫಾರಸು ಮಾಡುತ್ತದೆ. ಹತ್ತಡಿ ಫ್ಲೆಕ್ಸನ್ನು ಪೂರ್ತಿ ರೆಸಲ್ಯೂಶನ್ನಿನಲ್ಲಿ ಇಟ್ಟು ಲೇಯರ್ ಮೇಲೆ ಲೇಯರ್ ಹಾಕುವವರಿಗೆ ಅದೂ ಸಾಲದು. ಮದುವೆ ವಿಡಿಯೋ ಎಡಿಟ್ ಮಾಡುವವರು ಫುಲ್ ಎಚ್‌ಡಿ ಆದರೆ 16, 4ಕೆ ಆದರೆ 32 ಇಟ್ಟುಕೊಳ್ಳಿ. ಇಂಜಿನಿಯರಿಂಗ್ ಓದುವ ಮಕ್ಕಳು ಆಂಡ್ರಾಯ್ಡ್ ಸ್ಟುಡಿಯೋ, ವರ್ಚುವಲ್ ಮಷಿನ್ ಅಂತ ಬಂದರೆ 16ಕ್ಕಿಂತ ಕಮ್ಮಿ ಬೇಡ.

8 ಹಾಕಿಸೀನಿ, 5.9 ಅಷ್ಟೇ ಯೂಸೇಬಲ್ ಅಂತ ತೋರಿಸ್ತದ. ಮೋಸ ಆತಾ?

ಬಹುಮಟ್ಟಿಗೆ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಪರದೆಗೆ ಬೇಕಾದ ಮೆಮೊರಿಯನ್ನು ರ‍್ಯಾಮಿನಿಂದಲೇ ಕಡ ತೆಗೆದುಕೊಳ್ಳುತ್ತಾರೆ. ಎಎಂಡಿ ರೈಜನ್ ಲ್ಯಾಪ್‌ಟಾಪುಗಳಲ್ಲಿ ಹೀಗೆ 2 ಜಿಬಿ ಎತ್ತಿಡುವುದು ಮಾಮೂಲು. ಕೆಲವದರಲ್ಲಿ ಬಯಾಸಿಗೆ (ವಿಂಡೋಸ್ ಏಳುವ ಮುಂಚಿನ ಸೆಟ್ಟಿಂಗ್ ಪರದೆ) ಹೋಗಿ ಕಡಿಮೆ ಮಾಡಬಹುದು.

ಇನ್ನೊಂದು ಕಾರಣ 32 ಬಿಟ್ ವಿಂಡೋಸ್. ಅದು ಎಷ್ಟೇ ಹಾಕಿದರೂ 4 ಜಿಬಿಯ ಒಳಗೇ ನೋಡುತ್ತದೆ. ಹಾಗಿದ್ದರೆ 64 ಬಿಟ್ ವಿಂಡೋಸನ್ನು ಹೊಸದಾಗಿ ಹಾಕಿಸಬೇಕು.

ಫೋನಿನಾಗ '8+8' ಅಂತ ಐತಿ. ಅಂದ್ರ 16 ಅಲ್ವಾ?

ಅಲ್ಲ. ಎರಡನೇ 8 ಸ್ಟೋರೇಜಿನಿಂದ ಕತ್ತರಿಸಿ ಕೊಟ್ಟ ಜಾಗ, ವೇಗದಲ್ಲಿ ರ‍್ಯಾಮಿನ ಹತ್ತಿರವೂ ಬಾರದು. 'ರ‍್ಯಾಮ್ ಕ್ಲೀನರ್' ಆಪ್‌ಗಳನ್ನೂ ತೆಗೆದುಹಾಕಿ. ಅವು ಮುಚ್ಚಿದ ಆಪ್ ಮತ್ತೆ ಮೊದಲಿನಿಂದ ತೆರೆದುಕೊಳ್ಳಬೇಕು, ಬ್ಯಾಟರಿ ಖರ್ಚು ಬೇರೆ.

2014ರ ಲ್ಯಾಪ್‌ಟಾಪ್ ಐತಿ. ಅದಕ್ಕೆ ದುಡ್ಡು ಹಾಕೋದು ದಂಡ ಏನ್ರೀ?

ಹೆಚ್ಚು ಹಾಕಿದರೆ ದಂಡವೇ. ಆ ಕಾಲದ ಪ್ರೊಸೆಸರುಗಳಿಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ, ಇಂಟೆಲ್ ಆದರೆ 8ನೇ ಜನರೇಷನ್ನಿನಿಂದ ಮೇಲಷ್ಟೇ. ವಿಂಡೋಸ್ 10ರ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಒಂದು ಸಣ್ಣ ಎಸ್‌ಎಸ್‌ಡಿ, ಸೆಕೆಂಡ್ ಹ್ಯಾಂಡ್ ರ‍್ಯಾಮ್ ಹಾಕಿಸಿ, ಲಿನಕ್ಸ್ ಇನ್‌ಸ್ಟಾಲ್ ಮಾಡಿ ಮಕ್ಕಳ ಓದಿಗೆ ಇಟ್ಟರೆ ಇನ್ನೂ ಕೆಲವು ವರ್ಷ ಎಳೆಯುತ್ತದೆ. ಅದಕ್ಕೆ ಹೊಸ 16 ಜಿಬಿ ಕಿಟ್ ಕೊಳ್ಳಬೇಡಿ.

## ಯಾವುದು ಕೂರುತ್ತದೆ

ಡಿಡಿಆರ್3 ಸ್ಲಾಟಿಗೆ ಡಿಡಿಆರ್4 ಹಾಕಬಹುದಾ? ಉದ್ದ ಒಂದೇ ಐತಲ್ಲ.

ಉದ್ದ ಒಂದೇ ಆದರೂ ಕಚ್ಚು ಬೇರೆ ಕಡೆ ಇರುತ್ತದೆ. ಬೇಕಂತಲೇ ಹಾಗೆ ಮಾಡಿದ್ದಾರೆ, ತಪ್ಪು ಸ್ಟಿಕ್ ಕೂರಬಾರದು ಅಂತ. ಡೆಸ್ಕ್‌ಟಾಪಿನಲ್ಲಿ ಡಿಡಿಆರ್3ಕ್ಕೆ 240 ಪಿನ್, ಡಿಡಿಆರ್4, ಡಿಡಿಆರ್5 ಎರಡಕ್ಕೂ 288. ಪಿನ್ ಸಂಖ್ಯೆ ಒಂದೇ ಆದರೂ ಇವೆರಡೂ ಅದಲು ಬದಲಾಗುವುದಿಲ್ಲ. ಲ್ಯಾಪ್‌ಟಾಪಿನ ಗಿಡ್ಡ ಸ್ಟಿಕ್‌ಗಳಲ್ಲಿ ಕ್ರಮವಾಗಿ 204, 260, 262. ವೋಲ್ಟೇಜೂ ಇಳಿಯುತ್ತಾ ಬಂದಿದೆ: ಡಿಡಿಆರ್3ಕ್ಕೆ 1.5, ಡಿಡಿಆರ್4ಕ್ಕೆ 1.2, ಡಿಡಿಆರ್5ಕ್ಕೆ 1.1.

ಕೂರದಿದ್ದರೆ ಒತ್ತಬೇಡಿ. ತಿರುಗಿಸಿ ನೋಡಿ. ಆಗಲೂ ಕೂರದಿದ್ದರೆ ಅದು ಅದರದ್ದಲ್ಲ.

ನಡುವೆ ಡಿಡಿಆರ್3ಎಲ್ ಅಂತ ಒಂದಿದೆ, 1.35 ವೋಲ್ಟಿನದು. ಇಲ್ಲೇ ಜನ ಎಡವುವುದು. ಕಚ್ಚು ಡಿಡಿಆರ್3ರದೇ, ಹಾಗಾಗಿ ಸಲೀಸಾಗಿ ಕೂರುತ್ತದೆ. 'ಎಲ್' ಇರುವ ಸ್ಟಿಕ್ ಸಾಮಾನ್ಯವಾಗಿ ಹಳೇ 1.5 ವೋಲ್ಟಿನ ಸ್ಲಾಟಿನಲ್ಲೂ ನಡೆಯುತ್ತದೆ. ಆದರೆ 'ಎಲ್' ಇಲ್ಲದ್ದನ್ನು 1.35 ವೋಲ್ಟಷ್ಟೇ ಕೊಡುವ ಲ್ಯಾಪ್‌ಟಾಪಿಗೆ ಹಾಕಿದರೆ ಕಪ್ಪು ಪರದೆ. ಅನುಮಾನವಿದ್ದರೆ 'ಎಲ್' ಇರುವುದನ್ನೇ ತನ್ನಿ.

ನಂದು ಯಾವುದು ಅಂತ ಬಿಚ್ಚದೇ ಗೊತ್ತಾಗ್ತದಾ?

ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲೇ ವೇಗ, ಎಷ್ಟು ಸ್ಲಾಟಿನಲ್ಲಿ ಎಷ್ಟು ತುಂಬಿದೆ ಅನ್ನುವುದೆಲ್ಲ ಇರುತ್ತದೆ. ಡಿಡಿಆರ್ ಎಷ್ಟು ಅಂತಲೂ ಬಹಳ ಸಲ ಮೇಲೆಯೇ ತೋರಿಸುತ್ತದೆ. ಸಿಪಿಯು-ಝಡ್ ಅನ್ನುವ ಉಚಿತ ಸಾಫ್ಟ್‌ವೇರ್ ಇನ್ನೂ ವಿವರವಾಗಿ ಹೇಳುತ್ತದೆ.

ಅಂದಾಜಿಗೆ ಪ್ರೊಸೆಸರ್ ನೋಡಿ. ಇಂಟೆಲ್ 4ನೇ ಜನರೇಷನ್ ಮಾಮೂಲು ಕಂಪ್ಯೂಟರುಗಳಲ್ಲಿ ಡಿಡಿಆರ್3. 6ನೆಯದರಿಂದ ಡಿಡಿಆರ್4 ಶುರು, ಆದರೆ 6-7ನೇ ಜನರೇಷನ್ನಿನ ಕೆಲವದರಲ್ಲಿ ಡಿಡಿಆರ್3ಎಲ್ ಕೂಡ ಇದೆ. 12ರಿಂದ 14ರವರೆಗೆ ಡಿಡಿಆರ್4 ಇರಬಹುದು, 5 ಇರಬಹುದು, ಬೋರ್ಡ್ ಮೇಲೆ ಹೋಗುತ್ತದೆ. ಡೆಸ್ಕ್‌ಟಾಪ್ ರೈಜನ್‌ನಲ್ಲಿ ಎಎಂ4 ಸಾಕೆಟ್ ಆದರೆ ಡಿಡಿಆರ್4, ಎಎಂ5 ಆದರೆ ಡಿಡಿಆರ್5 ಮಾತ್ರ.

ಸ್ಟಿಕ್ ಮೇಲೆ '8ಜಿಬಿ 1ಆರ್‌ಎಕ್ಸ್8 ಪಿಸಿ4-3200ಎಎ-ಎಸ್‌ಎ2' ಅಂತ ಬರ್ದಾರ. ಇದೇನು ಮಂತ್ರ?

ಈ ಒಂದು ಸಾಲು ಓದಲು ಬಂದರೆ ನಿಮಗೆ ತಪ್ಪು ಮಾಲು ಕೊಡಲು ಯಾರಿಗೂ ಆಗದು. 8ಜಿಬಿ ಗೊತ್ತೇ ಇದೆ. '1ಆರ್' ಅಂದರೆ ಒಟ್ಟಿಗೆ ಕೆಲಸ ಮಾಡುವ ಚಿಪ್ಪುಗಳ ಒಂದು ತಂಡ, ಅಂದರೆ ಒಂದು ರ‍್ಯಾಂಕ್, 'ಎಕ್ಸ್8' ಅಂದರೆ ಒಂದೊಂದು ಚಿಪ್ಪು 8 ಬಿಟ್ ಅಗಲ. ರ‍್ಯಾಂಕ್ ಒಂದಕ್ಕೆ 64 ಬಿಟ್ ಬೇಕು, ಅಂದರೆ ಎಂಟು ಚಿಪ್ಪು. ಸ್ಟಿಕ್ ತಿರುಗಿಸಿ ಎಣಿಸಿ ನೋಡಿ, ಸರಿಯಾಗಿ ಎಂಟು ಕಪ್ಪು ಚೌಕಗಳು ಸಿಗುತ್ತವೆ. 'ಪಿಸಿ4' ಅಂದರೆ ಡಿಡಿಆರ್4. 3200 ವೇಗ. ಅದರ ಹಿಂದಿನ 'ಎಎ' ಲೇಟೆನ್ಸಿ (ಕೇಳಿದ್ದು ಬರುವ ತನಕ ಕಾಯುವ ಹೊತ್ತು) ದರ್ಜೆ. 2400ಕ್ಕೆ 'ಟಿ', 2666ಕ್ಕೆ 'ವಿ' ಅಂತ ಕಾಣುವುದೂ ಇದೇ.

ಕೊನೆಯ ಗುಂಪಿನ ಮೊದಲ ಅಕ್ಷರದ ಮೇಲೆ ಕಣ್ಣಿಡಿ. 'ಎಸ್' ಇದ್ದರೆ ಲ್ಯಾಪ್‌ಟಾಪಿನದು, 'ಯು' ಇದ್ದರೆ ಮಾಮೂಲು ಡೆಸ್ಕ್‌ಟಾಪಿನದು, 'ಆರ್' ಇದ್ದರೆ ಸರ್ವರಿನದು. ಹಳೇ ಡಿಡಿಆರ್3ರಲ್ಲಿ 'ಪಿಸಿ3ಎಲ್-12800ಎಸ್' ಅಂತ ಇರುತ್ತದೆ. ಅಲ್ಲಿ 12800 ಅಂದರೆ ಸೆಕೆಂಡಿಗೆ ಎಷ್ಟು ಎಂಬಿ ಅಂತ. 8ರಿಂದ ಭಾಗಿಸಿದರೆ 1600, ಅದೇ ನೀವು ಹುಡುಕುವ ವೇಗ.

ಬಿಚ್ಚಿ ನೋಡಿದ್ರ ಸ್ಲಾಟೇ ಇಲ್ಲ!

ಹಾಗಾದರೆ ಚಿಪ್ಪುಗಳನ್ನು ಬೋರ್ಡಿಗೇ ಬೆಸೆದಿದ್ದಾರೆ. ತೆಳು ಲ್ಯಾಪ್‌ಟಾಪುಗಳಲ್ಲಿ ಎಲ್‌ಪಿಡಿಡಿಆರ್ ಅನ್ನುವ, ಕಡಿಮೆ ಕರೆಂಟ್ ತಿನ್ನುವ ಬಗೆ ಇರುತ್ತದೆ. ಬಹುಪಾಲು ಬೆಸುಗೆಯದೇ. 2020ರ ಎಂ1ನಿಂದ ಈಚೆಗಿನ ಮ್ಯಾಕ್‌ಬುಕ್‌ಗಳಲ್ಲಂತೂ ಮೆಮೊರಿ ಪ್ರೊಸೆಸರ್ ಪ್ಯಾಕೇಜಿನಲ್ಲೇ ಇದೆ. ಇಂಥದಕ್ಕೆ ಆಮೇಲೆ ಹಾಕಿಸುವ ಮಾತೇ ಇಲ್ಲ. ಕೊಳ್ಳುವ ದಿನವೇ ಜಾಸ್ತಿ ತೆಗೆದುಕೊಳ್ಳಬೇಕು.

ಹೊಸ ಲ್ಯಾಪ್‌ಟಾಪ್ ಕೊಳ್ಳುವವರು ಬಣ್ಣ, ಬ್ಯಾಗು ಕೇಳುವ ಮುಂಚೆ 'ಖಾಲಿ ಸ್ಲಾಟ್ ಇದೆಯಾ' ಅಂತ ಕೇಳಿ.

ಎಷ್ಟು ಜಿಬಿ ತನಕ ಹಾಕಬಹುದು?

ಪ್ರೊಸೆಸರ್ ಮತ್ತು ಬೋರ್ಡ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಲ್ಯಾಪ್‌ಟಾಪಿನ ಪೂರ್ತಿ ಮಾಡೆಲ್ ನಂಬರನ್ನು ಕಂಪನಿಯ ಪುಟದಲ್ಲಿ ಹುಡುಕಿದರೆ ಸಿಗುತ್ತದೆ. ಅಗ್ಗದ ಸೆಲೆರಾನ್ ಲ್ಯಾಪ್‌ಟಾಪಿನವರು ತಪ್ಪದೇ ನೋಡಿ. ಉದಾಹರಣೆಗೆ ಸೆಲೆರಾನ್ ಎನ್4020ಕ್ಕೆ ಇಂಟೆಲ್ ಹೇಳುವ ಮಿತಿ 8 ಜಿಬಿ.

## ಕೊಳ್ಳುವಾಗ

ಈಗ 4 ಐತಿ. ಜೋಡಿಗೆ 8 ಹಾಕಿದ್ರ ನಡೀತದಾ? ಇಲ್ಲ ಒಂದೇ 16 ತಗೊಳ್ಳಾ?

4 ಮತ್ತು 8 ಸೇರಿಸಿದರೆ ಬಹಳಷ್ಟು ಕಡೆ ನಡೆಯುತ್ತದೆ, ಒಟ್ಟು 12 ಸಿಗುತ್ತದೆ. ವೇಗ ಬೇರೆ ಬೇರೆ ಇದ್ದರೆ ಎರಡೂ ಕಡಿಮೆಯದಕ್ಕೆ ಇಳಿದು ಓಡುತ್ತವೆ. ಒಂದೇ ಅಳತೆಯ ಎರಡು ಸ್ಟಿಕ್ ಇದ್ದರೆ ಡ್ಯೂಯಲ್ ಚಾನಲ್ ಪೂರ್ತಿ ಸಿಗುತ್ತದೆ, ಅಂದರೆ ಪ್ರೊಸೆಸರಿಗೆ ಎರಡು ದಾರಿ. 4 ಜೊತೆ 8 ಇದ್ದರೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎರಡರಿಂದಲೂ 4-4 ಸೇರಿ ಮೊದಲ 8 ಜಿಬಿ ಡ್ಯೂಯಲ್, ಉಳಿದ 4 ಸಿಂಗಲ್ ಆಗಿ ಓಡುತ್ತದೆ.

ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದವರಿಗೆ ಈ ಡ್ಯೂಯಲ್ ಚಾನಲ್ ತುಂಬಾ ಮುಖ್ಯ. ಆಟಗಳಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಬರುತ್ತದೆ. ಟ್ಯಾಲಿಗೆ ಏನೂ ಗೊತ್ತಾಗದು. ಮುಂದೆ 32ಕ್ಕೆ ಹೋಗುವ ಆಸೆ ಖಂಡಿತಾ ಇದ್ದರೆ ಈಗ ಒಂದೇ 16 ತೆಗೆದುಕೊಳ್ಳಿ. ಇಲ್ಲದಿದ್ದರೆ ಎರಡು 8.

ಡೆಸ್ಕ್‌ಟಾಪಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಪಕ್ಕಪಕ್ಕದಲ್ಲಿ ಹಾಕಬೇಡಿ. ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯದು, ನಾಲ್ಕನೆಯದು. ಬೋರ್ಡಿನ ಪುಸ್ತಕದಲ್ಲಿ ಚಿತ್ರವೇ ಇರುತ್ತದೆ.

ಆನ್‌ಲೈನ್ ಒಳಗ ಅರ್ಧ ರೇಟಿಗೆ 16 ಜಿಬಿ ಐತಿ. ತರಿಸ್ಲಾ?

ಫೋಟೋದಲ್ಲಿ ಲೇಬಲ್ ಹಿಗ್ಗಿಸಿ ನೋಡಿ. ಬಹಳ ಸಲ ಅದು ಸರ್ವರಿನಿಂದ ಕಿತ್ತ ರಿಜಿಸ್ಟರ್ಡ್ ರ‍್ಯಾಮ್ ಆಗಿರುತ್ತದೆ, ಮೇಲೆ ಹೇಳಿದ 'ಆರ್' ಅಕ್ಷರದ್ದು. ಡಿಡಿಆರ್4ರಲ್ಲಿ ಅದು ಸ್ಲಾಟಿನಲ್ಲಿ ಅಂದವಾಗಿ ಕೂರುತ್ತದೆ, ಮಾಮೂಲು ಡೆಸ್ಕ್‌ಟಾಪ್ ಆನ್ ಆಗುವುದಿಲ್ಲ. ಇನ್ನೊಂದು ಬಗೆ 'ಎಎಂಡಿಗೆ ಮಾತ್ರ' ಅಂತ ಬರೆದಿರುವ ಡಿಡಿಆರ್2, ಡಿಡಿಆರ್3 ಸ್ಟಿಕ್. ಇಂಟೆಲ್ ಬೋರ್ಡಿನವರು ಅದನ್ನು ಮುಟ್ಟಬೇಡಿ.

ಹಾಗಂತ ಸೆಕೆಂಡ್ ಹ್ಯಾಂಡ್ ರ‍್ಯಾಮ್ ಅಂದರೆ ಹೆದರಬೇಕಿಲ್ಲ. ಹಾರ್ಡ್ ಡಿಸ್ಕಿನ ಹಾಗೆ ಸವೆಯುವ ಭಾಗ ಅದರಲ್ಲಿಲ್ಲ. ಡಿಡಿಆರ್3 ಬೇಕಾದವರಿಗೆ ಅದೇ ಒಳ್ಳೇ ದಾರಿ. ವಾಪಸ್ ಕೊಡುವ ಮಾತು ಮೊದಲೇ ಆಡಿಕೊಂಡು, ಮನೆಗೆ ತಂದ ರಾತ್ರಿಯೇ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿ ಬಿಡಿ. ಒಂದೇ ಒಂದು ಕೆಂಪು ಸಾಲು ಬಂದರೂ ವಾಪಸ್.

ರೇಟ್ ಯಾಕೆ ಹಿಂಗ ಏರೈತಿ? ಬೆಂಗಳೂರಿಗೆ ಹೋದ್ರ ಕಮ್ಮಿ ಸಿಗ್ತದಾ?

2025ರ ಕೊನೆಯ ತಿಂಗಳುಗಳಲ್ಲಿ ಜಗತ್ತಿನಾದ್ಯಂತ ಏರಿತು. ರ‍್ಯಾಮ್ ಚಿಪ್ಪಿನ ಬಹುಪಾಲು ಮಾಡುವುದು ಮೂರು ಕಂಪನಿಗಳು: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಡೇಟಾ ಸೆಂಟರ್‌ಗಳು ಕೊಡುವ ದುಡ್ಡಿನ ಮುಂದೆ ನಮ್ಮ ನಿಮ್ಮ 8 ಜಿಬಿ ಸ್ಟಿಕ್ ಅವರಿಗೆ ಸಣ್ಣ ವ್ಯಾಪಾರ. ಗ್ರಾಹಕರಿಗೆ ಮಾರುವ ಕ್ರೂಶಿಯಲ್ ವ್ಯವಹಾರದಿಂದ ಹೊರಬೀಳುತ್ತೇವೆ ಅಂತ ಮೈಕ್ರಾನ್ 2025ರ ಡಿಸೆಂಬರಿನಲ್ಲಿ ಹೇಳಿಬಿಟ್ಟಿತು. ಬಳ್ಳಾರಿಯ ಅಂಗಡಿಯವರು ನಿಮಗೊಬ್ಬರಿಗೇ ಏರಿಸಿದ್ದಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ರಾಯಚೂರಿನವರಿಗೆ ಹತ್ತಿರವಾದ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಒಂದಿಷ್ಟು ಕಮ್ಮಿ ಸಿಗಬಹುದು. ಒಂದು ಸ್ಟಿಕ್ಕಿಗಾಗಿ ಹೋದರೆ ಬಸ್ಸಿನ ಖರ್ಚಿಗೇ ಸರಿಹೋಗುತ್ತದೆ. ಎಲ್ಲೇ ಕೊಂಡರೂ ಸೀರಿಯಲ್ ನಂಬರ್ ಬರೆದ ಪಕ್ಕಾ ಬಿಲ್ ತೆಗೆದುಕೊಳ್ಳಿ. ರ‍್ಯಾಮಿನ ವಾರಂಟಿ ಹಲವು ವರ್ಷದ್ದು, ಕೆಲವದಕ್ಕೆ ಲೈಫ್‌ಟೈಮ್. ಬಿಲ್ ಇಲ್ಲದೆ ಅದನ್ನು ಕೇಳಲು ಹೋದರೆ ಅಲೆದಾಟ.

## ಹಾಕುವಾಗ

ನಾನೇ ಹಾಕ್ಕೋಬಹುದಾ? ಶಾಕ್ ಹೊಡಿಯಂಗಿಲ್ಲ ಅಲ್ವಾ?

ನಿಮಗೆ ಹೊಡೆಯುವುದಿಲ್ಲ, ನೀವು ಅದಕ್ಕೆ ಹೊಡೆಯಬಹುದು. ಒಣ ಹವೆಯಲ್ಲಿ ಮೈಮೇಲಿನ ಸ್ಟಾಟಿಕ್ ಚಾರ್ಜ್ ಚಿಪ್ಪನ್ನು ಸುಡಬಲ್ಲದು. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಡಬ್ಬಿಯ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ ಶುರು ಮಾಡಿ. ಲ್ಯಾಪ್‌ಟಾಪ್ ಆದರೆ ಒಳಗಿನ ಬ್ಯಾಟರಿ ಕನೆಕ್ಟರನ್ನು ಮೊದಲು ಬಿಡಿಸಿ. ಫ್ಯಾನ್ ಗಾಳಿಗೆ ಸ್ಕ್ರೂ ಉರುಳುವುದು ಬೇರೆ ತಲೆನೋವು, ಒಂದು ತಟ್ಟೆ ಇಟ್ಟುಕೊಳ್ಳಿ.

ಲ್ಯಾಪ್‌ಟಾಪಿನ ಸ್ಟಿಕ್ಕನ್ನು ಸುಮಾರು 30 ಡಿಗ್ರಿ ಓರೆಯಾಗಿ ತೂರಿಸಿ, ಚಿನ್ನದ ಗೆರೆ ಬಹುತೇಕ ಒಳಗೆ ಹೋದ ಮೇಲೆ ಕೆಳಕ್ಕೆ ಒತ್ತಿ. ಎರಡೂ ಬದಿಯ ಕ್ಲಿಪ್ಪು 'ಟಕ್' ಅನ್ನಬೇಕು.

ಹಾಕಿದ ಮ್ಯಾಲೆ ಬೀಪ್ ಬೀಪ್ ಅಂತೈತಿ, ಪರದೆ ಬರವಲ್ದು.

ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿ ಕೂತಿಲ್ಲ. ತೆಗೆದು ಮತ್ತೆ ಹಾಕಿ. ಆಗದಿದ್ದರೆ ಚಿನ್ನದ ಗೆರೆಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಒರೆಸಿ, ಪುಡಿಯನ್ನೆಲ್ಲ ಬ್ರಶ್ಶಿನಿಂದ ಕೊಡವಿ. ಆಮೇಲೆ ಒಂದೊಂದೇ ಸ್ಟಿಕ್, ಒಂದೊಂದೇ ಸ್ಲಾಟ್ ಹಾಕಿ ನೋಡಿದರೆ ಕೆಟ್ಟಿದ್ದು ಯಾವುದು ಅಂತ ಸಿಕ್ಕಿಬೀಳುತ್ತದೆ.

ಡಿಡಿಆರ್5ರವರು ಮಾತ್ರ ತಾಳ್ಮೆ ಇಟ್ಟುಕೊಳ್ಳಿ. ಹೊಸ ಸ್ಟಿಕ್ ಹಾಕಿದ ಮೊದಲ ಸಲ ಬೋರ್ಡ್ ಅದರ ಜೊತೆ ಹೊಂದಾಣಿಕೆ ಮಾಡಿಕೊಳ್ಳುತ್ತದೆ. ಕೆಲವು ನಿಮಿಷ ಪರದೆ ಕಪ್ಪಗೇ ಇರಬಹುದು. ಆ ಹೊತ್ತಿಗೇ ಗಾಬರಿಯಾಗಿ ಸ್ವಿಚ್ ಆರಿಸುವವರೇ ಜಾಸ್ತಿ.

ನಮ್ಮ ಊರಿನ ಬಿಸಿಲು, ಧೂಳಿಗೆ ರ‍್ಯಾಮ್ ಹಾಳಾಗ್ತದಾ?

ಬಿಸಿಲಿಗಿಂತ ಧೂಳು ಕೆಟ್ಟದ್ದು. ಸಂಡೂರು, ತೋರಣಗಲ್ಲು ಕಡೆಯಿಂದ ಬರುವ ಸಿಪಿಯುಗಳನ್ನು ಬಿಚ್ಚಿದರೆ ಒಳಗೆಲ್ಲ ಕೆಂಪು ಹುಡಿ. ಬಳ್ಳಾರಿ ಜೀನ್ಸ್ ಯುನಿಟ್‌ಗಳದ್ದಾದರೆ ಪ್ರೊಸೆಸರ್ ಫ್ಯಾನಿನ ಕೆಳಗೆ ನೀಲಿ ನೂಲಿನ ಎಳೆಗಳು ಉಂಡೆಗಟ್ಟಿ ಕೂತಿರುತ್ತವೆ, ಚಿಮಟದಲ್ಲಿ ಎಳೆದರೆ ಬತ್ತಿಯ ಹಾಗೆ ಬರುತ್ತದೆ. ಗಾಳಿ ಆಡದೆ ಒಳಗೆ ಬಿಸಿ ಏರುತ್ತದೆ. ಚಿಪ್ 85 ಡಿಗ್ರಿ ದಾಟಿದರೆ ಚಾರ್ಜ್ ಬೇಗ ಸೋರುವುದರಿಂದ ರಿಫ್ರೆಶ್ ಎರಡರಷ್ಟು ಬಾರಿ ಮಾಡಬೇಕು ಅನ್ನುವುದು ನಿಯಮ. ಬೇಸಿಗೆಯಲ್ಲಿ 40 ದಾಟುವ ಊರಲ್ಲಿ ರ‍್ಯಾಮಿನ ಮೇಲಿನ ಬಣ್ಣದ ಹೀಟ್‌ಸಿಂಕಿಗಿಂತ ವರ್ಷಕ್ಕೆರಡು ಸಲ ಬ್ಲೋವರ್ ಹೊಡೆಸುವುದು ಮೇಲು. ಹೊಡೆಯುವಾಗ ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡಿದುಕೊಳ್ಳಿ.

## ಸ್ವಲ್ಪ ಆಳಕ್ಕೆ

3200 ಅಂತ ಕೊಟ್ಟು 2133 ತೋರಿಸ್ತದ. ಯಾಕ?

ಎರಡು ಕಾರಣ. ಒಂದು, ಪ್ರೊಸೆಸರ್ ಅಷ್ಟೇ ಓಡಿಸಬಲ್ಲದು. 6ನೇ ಜನರೇಷನ್ ಇಂಟೆಲ್ ಆದರೆ 2133 ಅದರ ಅಧಿಕೃತ ಮಿತಿ. ಎರಡು, ಜಾಸ್ತಿ ವೇಗದ ಡೆಸ್ಕ್‌ಟಾಪ್ ಸ್ಟಿಕ್‌ಗಳು ಹಾಕಿದ ತಕ್ಷಣ ಕಡಿಮೆ ವೇಗದಲ್ಲೇ ಏಳುತ್ತವೆ. ಬಯಾಸಿಗೆ ಹೋಗಿ ಎಕ್ಸ್‌ಎಂಪಿ (ಸ್ಟಿಕ್ಕಿನ ಪೂರ್ತಿ ವೇಗದ ಸೆಟ್ಟಿಂಗ್) ಆನ್ ಮಾಡಬೇಕು, ಎಎಂಡಿಯ ಡಿಡಿಆರ್5 ಬೋರ್ಡಿನಲ್ಲಿ ಅದರ ಹೆಸರು ಎಕ್ಸ್‌ಪೋ. ಸಿಪಿಯು-ಝಡ್‌ನಲ್ಲಿ 1600 ಕಂಡರೆ ಮಾತ್ರ ಗಾಬರಿ ಬೇಡ. ಡಿಡಿಆರ್ ಒಂದು ಬಡಿತಕ್ಕೆ ಎರಡು ಸಲ ಕೊಡುತ್ತದೆ, 1600 ಅಂದರೆ 3200.

ಸಿಎಲ್16, ಸಿಎಲ್30 ಅಂತಾರ. ಸಣ್ಣದಿದ್ರ ಒಳ್ಳೇದಾ?

ಸಿಎಲ್ ಅಂದರೆ ಕೇಳಿದ್ದು ಬರುವ ತನಕ ಎಷ್ಟು ಬಡಿತ ಕಾಯಬೇಕು ಅನ್ನುವ ಲೆಕ್ಕ. ಅದೊಂದನ್ನೇ ನೋಡಿದರೆ ತಪ್ಪುತ್ತದೆ. ಸಿಎಲ್ ಅನ್ನು 2000ದಿಂದ ಗುಣಿಸಿ, ವೇಗದಿಂದ ಭಾಗಿಸಿ, ನ್ಯಾನೋಸೆಕೆಂಡ್ ಬರುತ್ತದೆ. ಡಿಡಿಆರ್4-3200 ಸಿಎಲ್16 ಆದರೆ 10. ಡಿಡಿಆರ್5-6000 ಸಿಎಲ್30 ಆದರೂ 10. ಕಾಯುವ ಹೊತ್ತು ಒಂದೇ, ಡಿಡಿಆರ್5ರಲ್ಲಿ ಒಮ್ಮೆ ಶುರುವಾದ ಮೇಲೆ ಸಾಗುವ ಮಾಲು ಜಾಸ್ತಿ. ಕಚೇರಿ ಕೆಲಸದವರು ಈ ಸಂಖ್ಯೆಗೆ ಒಂದು ರೂಪಾಯಿಯೂ ಹೆಚ್ಚು ಕೊಡಬೇಡಿ.

ಡಿಡಿಆರ್5ರಲ್ಲಿ ಇಸಿಸಿ ಇರ್ತದಂತೆ. ಸರ್ವರಿಗೆ ಸಾಕಾ?

ಇಸಿಸಿ ಅಂದರೆ ಮೆಮೊರಿಯಲ್ಲಾದ ತಪ್ಪನ್ನು ತಾನೇ ಹಿಡಿದು ತಿದ್ದುವ ವ್ಯವಸ್ಥೆ. ಡಿಡಿಆರ್5ರಲ್ಲಿರುವುದು ಚಿಪ್ಪಿನೊಳಗಿನ ತಪ್ಪನ್ನಷ್ಟೇ ತಿದ್ದುತ್ತದೆ. ಚಿಪ್ಪಿನಿಂದ ಪ್ರೊಸೆಸರಿಗೆ ಹೋಗುವ ದಾರಿಯಲ್ಲಿ ಆದ ತಪ್ಪು ಅದಕ್ಕೆ ಕಾಣದು. ಆಸ್ಪತ್ರೆ, ಬ್ಯಾಂಕಿನ ದಾಖಲೆ ಇಡುವ ಸರ್ವರಿಗೆ ನಿಜವಾದ ಇಸಿಸಿ ಸ್ಟಿಕ್, ಅದನ್ನು ಒಪ್ಪುವ ಬೋರ್ಡ್ ಎರಡೂ ಬೇಕು.

ಮನೇಲೇ ಎಐ ಮಾಡೆಲ್ ಓಡಿಸ್ಬೇಕು. 16ರಿಂದ 64ಕ್ಕೆ ಹೋದ್ರೆ ವೇಗ ಬರುತ್ತಾ ಸರ್?

ಕಾಲೇಜು ಹುಡುಗರ ಹೊಸ ಪ್ರಶ್ನೆ ಇದು. ದೊಡ್ಡ ಮಾಡೆಲ್ ಹಿಡಿಯುತ್ತದೆ, ವೇಗ ಬರುವುದಿಲ್ಲ. 800 ಕೋಟಿ ಪ್ಯಾರಾಮೀಟರಿನ (ಮಾಡೆಲಿನೊಳಗಿನ ಸಂಖ್ಯೆಗಳು) ಮಾಡೆಲನ್ನು 4 ಬಿಟ್‌ಗೆ ಇಳಿಸಿದರೆ 4 ಜಿಬಿ, ಮೇಲುಖರ್ಚು ಸೇರಿ 5 ಅಂತಿಟ್ಟುಕೊಳ್ಳಿ. ಒಂದೊಂದು ಟೋಕನ್ (ಪದ ಅಥವಾ ಪದದ ತುಂಡು) ಹೊರಬರಲು ಹೆಚ್ಚುಕಡಿಮೆ ಆ ಇಡೀ 5 ಜಿಬಿಯನ್ನು ಓದಬೇಕು. ಡಿಡಿಆರ್4-3200 ಡ್ಯೂಯಲ್ ಚಾನಲ್ ಸೆಕೆಂಡಿಗೆ 51.2 ಜಿಬಿ ಸಾಗಿಸುತ್ತದೆ. ಭಾಗಿಸಿ: ಹೆಚ್ಚೆಂದರೆ ಸೆಕೆಂಡಿಗೆ ಹತ್ತು ಟೋಕನ್, ನಿಜದಲ್ಲಿ ಅದಕ್ಕಿಂತ ಕಮ್ಮಿ. ಒಂದೇ ಸ್ಟಿಕ್ ಇದ್ದರೆ ಅದರಲ್ಲೂ ಅರ್ಧ.

ಹಾಗಾಗಿ ಈಗ ಒಂದೇ 16ರ ಸ್ಟಿಕ್ ಇರುವವರು ಮೊದಲು ಅದಕ್ಕೆ ಜೋಡಿ ಹಾಕಿಸಿ. ವೇಗ ಹೆಚ್ಚುವುದು ಅಲ್ಲಿ. ಡಿಡಿಆರ್5 ಬೋರ್ಡಿನಲ್ಲಿ ನಾಲ್ಕೂ ಸ್ಲಾಟ್ ತುಂಬುವ ಆಸೆ ಇದ್ದರೆ ಕಂಪನಿ ಪುಟ ನೋಡಿಕೊಳ್ಳಿ. ರೈಜನ್ 7000ದಲ್ಲಿ ಎರಡು ಸ್ಟಿಕ್ಕಿಗೆ 5200 ಇರುವ ಅಧಿಕೃತ ವೇಗ ನಾಲ್ಕು ಹಾಕಿದರೆ 3600ಕ್ಕೆ ಇಳಿಯುತ್ತದೆ. 64 ಬೇಕೇ ಬೇಕು ಅಂದರೆ ಎರಡು 32 ತನ್ನಿ.